ರಕ್ತ ಎಡಕ್ಕೆ ಸೋರಿದರೆ ಬಲಕ್ಕೆ ಚುಕ್ಕೆ ಯಾಕೆ?

"ಸರ್ರ, ರಕ್ತ ಎಡಕ್ಕ ಸೋರೇತಿ ಅಂದ್ರಿ. ಮತ್ತ ಬಲಕ್ಕ ಈ ಬಿಳಿ ಚುಕ್ಕಿ ಯಾಕ ಬಂದಾವ್ರಿ?"

ಕೇಳಿದ್ದು ನವಲಗುಂದದ ಕಡೆಯ ಒಬ್ಬ ರೈತರ ಮಗ. ತಂದೆಗೆ ಲಕ್ವಾ ಹೊಡೆದು ಹುಬ್ಬಳ್ಳಿಗೆ ಕರೆತಂದಾಗ ಬಿಪಿ 210 ಇತ್ತು, ಸಿಟಿ ಸ್ಕ್ಯಾನ್‌ನಲ್ಲಿ ಮಿದುಳಿನ ಎಡಭಾಗದಲ್ಲಿ ರಕ್ತಸ್ರಾವ. ಮೂರು ದಿನ ಬಿಟ್ಟು ಎಂಆರ್‌ಐ ಮಾಡಿಸಿದಾಗ ಬಲಭಾಗದಲ್ಲಿ ಎರಡು ಸಣ್ಣ ಚುಕ್ಕೆ ಕಂಡವು, ಸಾಸಿವೆ ಕಾಳಿನಷ್ಟು. ರಕ್ತ ಸಿಗದೆ ಸತ್ತ ಜಾಗ ಅವು. ಹುಡುಗ ಸ್ವಲ್ಪ ತಡೆದು ಮನಸ್ಸಿನಲ್ಲಿದ್ದದ್ದನ್ನು ಕೇಳಿಯೇಬಿಟ್ಟ: "ನೀವು ಬಿಪಿ ಭಾಳ ಇಳಿಸಿದ್ರೇನ್ರಿ?"

ನ್ಯಾಯವಾದ ಪ್ರಶ್ನೆ. ಬಿಪಿ ತೀರಾ ಇಳಿದರೆ ಮಿದುಳಿಗೆ ರಕ್ತ ಸಾಲದೆ ಹೋಗಬಹುದಲ್ಲ. ನಾವು ನರರೋಗ ವೈದ್ಯರೂ ವರ್ಷಗಟ್ಟಲೆ ಇದನ್ನೇ ಕೇಳಿಕೊಂಡಿದ್ದೇವೆ.

ಬಿಪಿ ಯಾಕೆ ಇಳಿಸಬೇಕು ಅಂದರೆ, ಒಡೆದ ನಾಳದಿಂದ ರಕ್ತ ಒಂದೇ ಸಲ ಬಂದು ನಿಲ್ಲುವುದಿಲ್ಲ, ಮೊದಲ ಕೆಲವು ಗಂಟೆಗಳಲ್ಲಿ ಹೆಪ್ಪು ಇನ್ನೂ ದೊಡ್ಡದಾಗಬಹುದು, ಒತ್ತಡ ಹೆಚ್ಚಿದ್ದಷ್ಟೂ ಆ ಭಯ ಜಾಸ್ತಿ. ಅದಕ್ಕೇ ಸಿರಿಂಜ್ ಪಂಪ್‌ನಲ್ಲಿ ಔಷಧಿ ಹಾಕಿ, ಸುಮಾರು ಒಂದು ಗಂಟೆಯೊಳಗೆ ಮೇಲಿನ ಬಿಪಿಯನ್ನು 140ರ ಹತ್ತಿರ ತರುತ್ತೇವೆ. ಆಮೇಲೆ 130ರಿಂದ 150ರ ನಡುವೆ ಹಿಡಿದಿಡುತ್ತೇವೆ. 130ಕ್ಕಿಂತ ಕೆಳಗೆ ಹೋದರೆ ನನಗೆ ಸಮಾಧಾನವಿರುವುದಿಲ್ಲ. 2016ರಲ್ಲಿ ಬಂದ ಅಟ್ಯಾಚ್-2 ಎಂಬ ದೊಡ್ಡ ಅಧ್ಯಯನದಲ್ಲಿ 1000 ರೋಗಿಗಳಿದ್ದರು. ಬಿಪಿಯನ್ನು ಇನ್ನೂ ಕೆಳಗೆ ಇಳಿಸಿದ ಗುಂಪಿಗೆ ಹೆಚ್ಚಿನ ಲಾಭ ಸಿಗಲಿಲ್ಲ, ಕಿಡ್ನಿ ತೊಂದರೆ ಮಾತ್ರ ಹೆಚ್ಚಾಯಿತು.

ಇನ್ನು ಚುಕ್ಕೆಗಳು. ಮಿದುಳಿನ ರಕ್ತಸ್ರಾವವಾದವರಿಗೆ ಎಂಆರ್‌ಐ ಮಾಡಿದರೆ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಇವು ಕಾಣುತ್ತವೆ. ಬಿಪಿ ಒಮ್ಮೆಲೇ ಬಹಳ ಬಿದ್ದವರಲ್ಲಿ ಜಾಸ್ತಿ ಎಂದು ಕೆಲವು ಅಧ್ಯಯನಗಳು ಹೇಳಿದ್ದರಿಂದಲೇ ಈ ಅನುಮಾನ ಹುಟ್ಟಿದ್ದು. ಆದರೆ 2013ರಲ್ಲಿ ಕೆನಡಾದ ವೈದ್ಯರು 75 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ 150ರ ಕೆಳಗೆ, ಇನ್ನೊಂದಕ್ಕೆ 180ರ ಕೆಳಗೆ ಬಿಪಿ ತಂದು, ಎರಡು ತಾಸಿನ ನಂತರ ಹೆಪ್ಪಿನ ಸುತ್ತ ರಕ್ತ ಹರಿಯುವುದನ್ನು ಅಳೆದರು. ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ, ಅಂದರೆ ಬಿಪಿ ಇಳಿಸಿದ್ದಕ್ಕೆ ಅಲ್ಲಿ ರಕ್ತದ ಹರಿವು ಕಡಿಮೆಯಾಗಿರಲಿಲ್ಲ.

ಹಾಗಾದರೆ ಚುಕ್ಕೆ ಎಲ್ಲಿಂದ? ಬಹುಮಟ್ಟಿಗೆ ಹಳೆಯ ಬಿಪಿಯಿಂದಲೇ. ವರ್ಷಾನುಗಟ್ಟಲೆ ಹೆಚ್ಚು ಒತ್ತಡ ತಡೆದುಕೊಂಡ ಕೂದಲೆಳೆಯಂಥ ನಾಳಗಳ ಗೋಡೆ ದಪ್ಪವಾಗಿ ಬಿರುಸಾಗುತ್ತದೆ. ಅಂಥ ನಾಳ ಒಂದು ಕಡೆ ಒಡೆಯುತ್ತದೆ, ಇನ್ನೊಂದು ಕಡೆ ಮುಚ್ಚಿಕೊಳ್ಳುತ್ತದೆ. ಎಡಕ್ಕೆ ರಕ್ತ, ಬಲಕ್ಕೆ ಚುಕ್ಕೆ, ಎರಡಕ್ಕೂ ಬೇರು ಒಂದೇ. ಹೆಚ್ಚಿನವರಿಗೆ ಆ ಚುಕ್ಕೆಯಿಂದ ತಕ್ಷಣ ಏನೂ ಗೊತ್ತಾಗುವುದಿಲ್ಲ. ಆದರೆ ಚುಕ್ಕೆ ಇದ್ದವರ ಚೇತರಿಕೆ ಕಷ್ಟ, ಮುಂದೆ ಮತ್ತೆ ಲಕ್ವಾ ಹೊಡೆಯುವ ಭಯವೂ ಜಾಸ್ತಿ. ಹಾಗಾಗಿ ಅದನ್ನು ಸುಮ್ನೆ ಬಿಡುವಂತಿಲ್ಲ.

ನಾನು ಆ ಹುಡುಗನಿಗೆ ಪಂಪ್ ಚಾರ್ಟ್ ತೋರಿಸಿದೆ. 210, 186, 164, 148, 142. ಮೆಟ್ಟಿಲು ಇಳಿದ ಹಾಗೆ ಇಳಿದಿತ್ತು, ಎಲ್ಲೂ 130ರ ಕೆಳಗೆ ಹೋಗಿರಲಿಲ್ಲ. ಆಮೇಲೆ ಕೇಳಿದೆ, "ತಮ್ಮಾ, ಅಪ್ಪಾರು ಬಿಪಿ ಗುಳಿಗಿ ಯಾವಾಗಿಂದ ಬಿಟ್ಟಾರ?" ಕಡ್ಲಿ ರಾಶಿಯ ಗಡಿಬಿಡಿಯಲ್ಲಿ ತೀರಿದ ಗುಳಿಗೆ ಮತ್ತೆ ತಂದಿರಲಿಲ್ಲವಂತೆ. ಆರಾಮ ಅನ್ನಿಸಿತ್ತಂತೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಕಡೆ ಇದು ಬಹಳ ನಡೆಯುತ್ತದೆ. ಕೈಕಾಲು ಬಿದ್ದುಹೋದ ಕೂಡಲೇ ಮನೆಯಲ್ಲೇ ನಾಲಿಗೆ ಕೆಳಗೆ ಬಿಪಿ ಗುಳಿಗೆ ಇಡಬೇಡಿ. ಲಕ್ವಾ ರಕ್ತ ಸೋರಿದ್ದರಿಂದ ಆಗಿದೆಯೋ, ನಾಳ ಕಟ್ಟಿಕೊಂಡು ಆಗಿದೆಯೋ ಹೊರಗಿನಿಂದ ನನಗೂ ತಿಳಿಯುವುದಿಲ್ಲ, ಸಿಟಿ ಆಗಲೇಬೇಕು. 2024ರಲ್ಲಿ ಪ್ರಕಟವಾದ ಚೀನಾದ ಅಧ್ಯಯನವೊಂದರಲ್ಲಿ ಆಂಬುಲೆನ್ಸ್‌ನಲ್ಲೇ ಬಿಪಿ ಇಳಿಸಿದಾಗ ರಕ್ತಸ್ರಾವದವರಿಗೆ ಒಳ್ಳೆಯದಾಯಿತು, ನಾಳ ಕಟ್ಟಿದವರಿಗೆ ಕೆಟ್ಟದ್ದಾಯಿತು. ಗುಳಿಗೆ ಹುಡುಕುವ ಹೊತ್ತಿನಲ್ಲಿ ಗಾಡಿ ಹುಡುಕಿ, ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೇ ನೇರ ಹೋಗಿ.

ಮನೆಗೆ ಕಳಿಸುವಾಗ 130/80ರ ಆಸುಪಾಸಿಗೆ ನಿಧಾನವಾಗಿ ತರೋಣ, ದಿನಾ ಬರೆದಿಡಿ ಎಂದಿದ್ದೆ. ಮೂರು ತಿಂಗಳಿಗೆ ತಂದೆ ಕೋಲು ಊರಿಕೊಂಡು ಬಂದರು, ಮಗ ಶಾಲೆಯ ನೋಟ್‌ಬುಕ್ ತಂದಿದ್ದ. ಬೆಳಿಗ್ಗೆ ಒಂದು ಸಾಲು, ಸಂಜೆ ಒಂದು ಸಾಲು. ನಡುವೆ ನಾಲ್ಕು ದಿನ ಖಾಲಿ. ನಾನು ಕಣ್ಣೆತ್ತಿ ನೋಡಿದೆ.

"ಸವದತ್ತಿ ಗುಡ್ಡಕ್ಕ ಹೋಗಿದ್ವಿರೀ ಸರ್ರ. ಬಿಪಿ ಮಶೀನ್ ಮನ್ಯಾಗ ಬಿಟ್ಟಿದ್ವಿ, ಗುಳಿಗಿ ಒಯ್ದಿದ್ವಿ."