ಹಿಂದಿನ ಸ್ಪೀಕರ್ ಸದ್ದು ಮಾಡಿದ ಮಾತ್ರಕ್ಕೆ ಸರೌಂಡ್ ಅಲ್ಲ

ಹಿಂದಿನ ಸ್ಪೀಕರ್‌ಗಳಿಂದಲೂ ಸದ್ದು ಬಂತೆಂದರೆ ಹೋಮ್ ಥಿಯೇಟರ್ ಕೆಲಸ ಮುಗಿಯಿತು ಅಂದುಕೊಳ್ಳುವವರೇ ಹೆಚ್ಚು. ಕಿವಿಯನ್ನು ನಂಬಬೇಡಿ, ರಿಸೀವರ್‌ನ (ಟಿವಿಯ ಸದ್ದು ಪಡೆದು ಸ್ಪೀಕರ್‌ಗಳಿಗೆ ಹಂಚುವ ಪೆಟ್ಟಿಗೆ) ಡಿಸ್‌ಪ್ಲೇ ನೋಡಿ. ರಿಮೋಟ್‌ನಲ್ಲಿ ಇನ್ಫೋ ಬಟನ್ ಒತ್ತಿದರೆ ಒಳಬರುತ್ತಿರುವ ಸಿಗ್ನಲ್ ಯಾವುದೆಂದು ಬಹುತೇಕ ರಿಸೀವರ್‌ಗಳು ಹೇಳುತ್ತವೆ. ಅಲ್ಲಿ ‘ಪಿಸಿಎಂ 2.0’ (ಪಿಸಿಎಂ ಎಂದರೆ ಅಡಕದೆ ಕಳಿಸುವ ಡಿಜಿಟಲ್ ಸದ್ದು) ಎಂದಿದ್ದರೆ ಟಿವಿ ಕಳಿಸುತ್ತಿರುವುದು ಬರೀ ಎರಡು ಚಾನೆಲ್, ಅಂದರೆ ಎಡ-ಬಲದ ಸದ್ದು. ರಿಸೀವರ್ ಅದನ್ನೇ ಹಿಗ್ಗಿಸಿ ಎಲ್ಲ ಸ್ಪೀಕರ್‌ಗೂ ಹಂಚುತ್ತಿದೆ. ‘ಡಾಲ್ಬಿ ಸರೌಂಡ್’, ‘ಪ್ರೊ ಲಾಜಿಕ್’ ಅಂತ ಕಂಡರೂ ಹಿಗ್ಗಬೇಡಿ, ಅವು ಹೀಗೆ ಹಿಗ್ಗಿಸುವ ವಿಧಾನದ ಹೆಸರುಗಳೇ. ‘ಡಾಲ್ಬಿ ಡಿಜಿಟಲ್ 5.1’ ಅಥವಾ ‘ಡಿಟಿಎಸ್ 5.1’ ಕಾಣಬೇಕು. ಇವೆರಡೂ ಸದ್ದನ್ನು ಅಡಕಿ ಕಳಿಸುವ ವಿಧಾನಗಳು; 5.1 ಎಂದರೆ ಐದು ಸ್ಪೀಕರ್, ಒಂದು ಸಬ್‌ವೂಫರ್‌ಗೆ ಬೇರೆ ಬೇರೆ ಒಟ್ಟು ಆರು ಚಾನೆಲ್.

ಟಿವಿಯಲ್ಲಿ ‘ಆರ್ಕ್’ (ARC, ಆಡಿಯೋ ರಿಟರ್ನ್ ಚಾನೆಲ್) ಎಂದು ಬರೆದಿರುವ ಎಚ್‌ಡಿಎಂಐ ಪೋರ್ಟ್ ಸಾಮಾನ್ಯವಾಗಿ ಒಂದೇ ಇರುತ್ತದೆ. ಕೇಬಲ್‌ನ ಇನ್ನೊಂದು ತುದಿ ಹೋಗಬೇಕಾದದ್ದು ರಿಸೀವರ್‌ನ ಎಚ್‌ಡಿಎಂಐ ಔಟ್‌ಗೆ. ‘ಸದ್ದು ಒಳಗೆ ಬರಬೇಕಲ್ಲ’ ಎಂದು ಇನ್‌ಗೆ ಚುಚ್ಚಿದರೆ ಏನೂ ಬರುವುದಿಲ್ಲ. ಆರ್ಕ್ ಎಂದರೇ ಔಟ್ ದಾರಿಯಲ್ಲಿ ಹಿಮ್ಮುಖವಾಗಿ ಬರುವ ಆಡಿಯೋ. ಎರಡೂ ಕಡೆ ಸಿಇಸಿ (ಎಚ್‌ಡಿಎಂಐ ಮೂಲಕ ಸಾಧನಗಳು ಒಂದನ್ನೊಂದು ನಿಯಂತ್ರಿಸುವ ಸೌಲಭ್ಯ) ಆನ್ ಮಾಡಿ. ಸ್ಯಾಮ್‌ಸಂಗ್‌ನಲ್ಲಿ ಇದು ಎನಿನೆಟ್ ಪ್ಲಸ್, ಎಲ್‌ಜಿಯಲ್ಲಿ ಸಿಂಪ್ಲಿಂಕ್, ಸೋನಿಯಲ್ಲಿ ಬ್ರಾವಿಯಾ ಸಿಂಕ್. ಆಮೇಲೆ ರಿಸೀವರ್‌ನಲ್ಲಿ ಆರ್ಕ್ ಆನ್, ಇನ್‌ಪುಟ್ ‘ಟಿವಿ ಆಡಿಯೋ’.

ಇಷ್ಟಾದರೂ ಎರಡೇ ಚಾನೆಲ್ ಬಂದರೆ ತಪ್ಪು ಹೆಚ್ಚಾಗಿ ಟಿವಿಯ ಒಂದು ಸಾಲಿನಲ್ಲಿರುತ್ತದೆ: ಡಿಜಿಟಲ್ ಆಡಿಯೋ ಔಟ್ ‘ಪಿಸಿಎಂ’ ಎಂದಿರುತ್ತದೆ. ಅದನ್ನು ‘ಬಿಟ್‌ಸ್ಟ್ರೀಮ್’ (ಅಡಕಿದ ಸದ್ದನ್ನು ಬಿಚ್ಚದೆ ಹಾಗೇ ಕಳಿಸುವುದು), ‘ಆಟೋ’ ಅಥವಾ ‘ಪಾಸ್ ಥ್ರೂ’ಗೆ ಬದಲಿಸಿ. ಕಾರಣ ಬರೀ ಲೆಕ್ಕ. 48 ಕಿಲೋಹರ್ಟ್ಸ್, 16 ಬಿಟ್, ಎರಡು ಚಾನೆಲ್‌ನ ಪಿಸಿಎಂಗೆ ಸೆಕೆಂಡಿಗೆ ಸುಮಾರು 1.5 ಮೆಗಾಬಿಟ್ ಬೇಕು; ಆರು ಚಾನೆಲ್‌ಗೆ 4.6. ಆಪ್ಟಿಕಲ್ (ಬೆಳಕಿನ ರೂಪದಲ್ಲಿ ಸದ್ದು ಒಯ್ಯುವ ಕೇಬಲ್) ಆಗಲಿ ಮಾಮೂಲಿ ಆರ್ಕ್ ಆಗಲಿ ಪಿಸಿಎಂ ಅನ್ನು ಎರಡು ಚಾನೆಲ್‌ಗೆ ಮೀರಿ ಒಯ್ಯುವುದಿಲ್ಲ. ಡಾಲ್ಬಿ ಡಿಜಿಟಲ್ ಅದೇ ಆರನ್ನೂ ಅಡಕಿ ಹೆಚ್ಚೆಂದರೆ 640 ಕಿಲೋಬಿಟ್‌ನಲ್ಲಿ ಕೂರಿಸುತ್ತದೆ, ಹಾಗಾಗಿ ಸಲೀಸಾಗಿ ಹೋಗುತ್ತದೆ. ಎಂಟು ಚಾನೆಲ್ ಪಿಸಿಎಂ, ಡಾಲ್ಬಿ ಟ್ರೂಎಚ್‌ಡಿ (ಗುಣಮಟ್ಟ ಕಳೆಯದ ಡಾಲ್ಬಿ ರೂಪ) ಬೇಕೆಂದರೆ ಎರಡೂ ಕಡೆ ಇ-ಆರ್ಕ್ (ಹೆಚ್ಚು ಸಾಮರ್ಥ್ಯದ ಹೊಸ ಆರ್ಕ್) ಇರಲೇಬೇಕು.

ಹಳೆಯ ರಿಸೀವರ್‌ನಲ್ಲಿ ಆರ್ಕ್ ಇಲ್ಲವೇ? ಆಪ್ಟಿಕಲ್ ಕೇಬಲ್ ಸಾಕು, 5.1 ಬರುತ್ತದೆ. ಹೊಸ ಕೇಬಲ್‌ನ ತುದಿಗಳಲ್ಲಿರುವ ಪುಟ್ಟ ಪ್ಲಾಸ್ಟಿಕ್ ಟೊಪ್ಪಿಗೆ ತೆಗೆಯುವುದನ್ನು ಮರೆಯಬೇಡಿ (ಮರೆಯುವವರು ಎಷ್ಟೋ ಜನ). ಟಿವಿ ಕಡೆ ಸಿಕ್ಕಿಸಿ ಇನ್ನೊಂದು ತುದಿ ನೋಡಿದರೆ ಕೆಂಪು ಬೆಳಕು ಕಾಣಬೇಕು. ಕೇಬಲ್ ಚೂಪಾಗಿ ಮಡಚಿದರೆ ಒಳಗಿನ ಎಳೆ ಮುರಿಯಬಹುದು. ಹೆಡ್‌ಫೋನ್ ಜ್ಯಾಕ್, ಕೆಂಪು-ಬಿಳಿ ಪಿನ್‌ಗಳಿಂದ ಸ್ಟೀರಿಯೋ ಮಾತ್ರ.

ಇನ್ನೊಂದು ತೊಡಕು ಡಿಸ್ಕ್ ಪ್ಲೇಯರ್, ಗೇಮ್ ಕನ್ಸೋಲ್‌ಗಳದ್ದು. ಅವನ್ನು ಟಿವಿಗೆ ಚುಚ್ಚಿದಾಗ ‘ನಿನಗೆ ಎಷ್ಟು ಚಾನೆಲ್ ಬೇಕು?’ ಎಂದು ಮೊದಲೇ ವಿಚಾರಿಸಿಕೊಳ್ಳುತ್ತವೆ. ಎಷ್ಟೋ ಟಿವಿಗಳು ತಮ್ಮ ಎರಡು ಸ್ಪೀಕರ್ ನೆನೆದು ‘ಎರಡು’ ಅನ್ನುತ್ತವೆ. ಆಮೇಲೆ ಕೇಬಲ್ ಎಷ್ಟೇ ಒಳ್ಳೆಯದಿದ್ದರೂ 5.1 ಹುಟ್ಟುವುದೇ ಇಲ್ಲ. ಕೆಲವು ಟಿವಿಗಳು ಡಿಟಿಎಸ್ ಅನ್ನು ಮುಂದೆ ದಾಟಿಸುವುದೂ ಇಲ್ಲ. ನನ್ನ ಕೇಳಿದರೆ ಇಂಥ ಸಾಧನಗಳೆಲ್ಲ ನೇರವಾಗಿ ರಿಸೀವರ್‌ನ ಎಚ್‌ಡಿಎಂಐ ಇನ್‌ಗೆ ಹೋಗಲಿ. ಆರ್ಕ್ ದಾರಿ ಟಿವಿಯೊಳಗಿನ ಆ್ಯಪ್‌ಗಳಿಗಷ್ಟೇ ಇರಲಿ. ಆ್ಯಪ್‌ನಲ್ಲಿಯೂ ಭಾಷೆ ಆರಿಸುವ ಜಾಗದಲ್ಲಿ ‘5.1’ ಇರುವ ಟ್ರ್ಯಾಕ್ ಆರಿಸಬೇಕು. ಮೂಲವೇ ಸ್ಟೀರಿಯೋ ಆಗಿದ್ದರೆ ಯಾವ ಸೆಟ್ಟಿಂಗೂ ಉಪಯೋಗಕ್ಕೆ ಬಾರದು.

ನಿನ್ನೆವರೆಗೆ ಸರಿಯಿದ್ದ ಆರ್ಕ್ ಇವತ್ತು ಸತ್ತಿದ್ದರೆ ಎರಡನ್ನೂ ಪ್ಲಗ್‌ನಿಂದಲೇ ಕಿತ್ತು ಐದು ನಿಮಿಷ ಬಿಡಿ, ಮೊದಲು ಟಿವಿ ಹಾಕಿ, ಆಮೇಲೆ ರಿಸೀವರ್. ಮಾತು ತುಟಿಗಿಂತ ಹಿಂದೆ ಬಿದ್ದರೆ ಟಿವಿಯ ಆಡಿಯೋ ಡಿಲೇ ಸೊನ್ನೆಗೆ ಇಳಿಸಿ. ಮುಂದೆ ಓಡಿದರೆ ರಿಸೀವರ್‌ನಲ್ಲಿ ಹತ್ತತ್ತು ಮಿಲಿಸೆಕೆಂಡ್ ಏರಿಸುತ್ತ ಹೋಗಿ.