ಲೇಡೀಸ್ ವಾರ್ಡ್ ಓಪನ್ ಆದ್ಮೇಲೆ ಏನಾಯ್ತು?

ಬಿಎಂಸಿ, ಅಂದ್ರೆ ಮುಂಬೈ ಮಹಾನಗರ ಪಾಲಿಕೆ ಎಲೆಕ್ಷನ್ ಹತ್ರ ಬಂತು ಅಂದ್ರೆ ನಮ್ಮ ಘಾಟ್‌ಕೋಪರ್ ಚಾಳಲ್ಲಿ ಮೊದಲು ಕೇಳೋ ಮಾತೇ "ಈ ಸಲ ನಮ್ಮ ವಾರ್ಡ್ ಲೇಡೀಸಾ, ಓಪನ್ನಾ?" ಲೇಡೀಸ್ ಅಂದ್ರೆ ಹೆಂಗಸರಷ್ಟೇ ನಿಲ್ಲೋ ಮೀಸಲು ಸೀಟು, ಓಪನ್ ಅಂದ್ರೆ ಗಂಡಸರೂ ನಿಲ್ಲಬಹುದು. ಯಾವುದು ಅಂತ ಚೀಟಿ ಎತ್ತಿ ತೀರ್ಮಾನ ಮಾಡ್ತಾರೆ. ಲೇಡೀಸ್ ಅಂತ ಬಂದ್ರೆ ಅಲ್ಲೀತನಕ ಓಡಾಡ್ಕೊಂಡಿದ್ದ ಗಂಡಸರ ಮುಖ ಸಪ್ಪಗಾಗುತ್ತೆ, ಮಾರನೇ ದಿನ ಬ್ಯಾನರ್ ಮೇಲೆ ಅವರ ಹೆಂಡ್ತಿ ಫೋಟೋ.

ಆ ಚೀಟಿ ಸಂಶೋಧಕರಿಗೆ ಒಂದು ವರ ಕಣ್ರೀ. ಸುಮ್ನೆ ಹೆಂಗಸರು ಗೆದ್ದ ಜಾಗ, ಸೋತ ಜಾಗ ಹೋಲಿಸಿದ್ರೆ ಏನೂ ಗೊತ್ತಾಗಲ್ಲ, ಗೆಲ್ಲಿಸಿದ ಜಾಗ ಮೊದಲಿಂದ್ಲೇ ಬೇರೆ ಥರ ಇದ್ದಿರಬಹುದು. ಚೀಟಿ ಯಾರ ಮುಖಾನೂ ನೋಡಲ್ಲ, ಅದಕ್ಕೇ ಲೇಡೀಸ್ ವಾರ್ಡನ್ನ ಓಪನ್ ವಾರ್ಡ್ ಜೊತೆ ಧೈರ್ಯವಾಗಿ ಹೋಲಿಸಬಹುದು.

ರಿಖಿಲ್ ಭವ್ನಾನಿ ಅನ್ನೋ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಸ್ಟಡಿ ನಮ್ಮ ಮುಂಬೈ ವಾರ್ಡ್‌ಗಳದ್ದೇ. ಆಗ ಮೂರರಲ್ಲೊಂದು ಸೀಟು ಹೆಂಗಸರಿಗೆ, ಈಗ ಅರ್ಧ. 1997ರಲ್ಲಿ ಲೇಡೀಸ್ ಆಗಿದ್ದು 2002ರಲ್ಲಿ ಓಪನ್ ಆದ ವಾರ್ಡ್‌ಗಳನ್ನ, ಎರಡು ಸಲಾನೂ ಓಪನ್ನೇ ಇದ್ದ ವಾರ್ಡ್‌ಗಳ ಪಕ್ಕ ಇಟ್ಟು ನೋಡಿದ್ರು. ಮೊದಲನೇ ಥರದ ವಾರ್ಡಲ್ಲಿ 2002ರಲ್ಲಿ ಹೆಂಗಸು ಗೆಲ್ಲೋ ಸಾಧ್ಯತೆ ಸುಮಾರು 5 ಪಟ್ಟು ಜಾಸ್ತಿ! ಒಂದ್ಸಲ ಗೆದ್ದವಳು ಕೆಲಸ ಕಲ್ತಿರ್ತಾಳೆ, ಹೆಂಗಸಿಗೆ ಟಿಕೆಟ್ ಕೊಟ್ರೂ ಗೆಲ್ಲುತ್ತೆ ಅಂತ ಪಾರ್ಟಿಗೂ ಗೊತ್ತಾಗಿರುತ್ತೆ. "ಎಲ್ಲಾ ಗಂಡನೇ ನಡೆಸೋದು, ಅವಳದ್ದು ಸೈನ್ ಮಾತ್ರ" ಅಂತಾರಲ್ಲ, ಬರೀ ಅಷ್ಟೇ ಆಗಿದ್ರೆ ಸೀಟು ಓಪನ್ ಆದ ಕೂಡ್ಲೇ ಗಂಡನೇ ನಿಲ್ತಿದ್ದ ಅಲ್ವಾ? ಹಂಗಂತ ಓಪನ್ ವಾರ್ಡ್‌ಗಳಲ್ಲಿ ಗೆದ್ದವರಲ್ಲಿ ಬಹುಪಾಲು ಗಂಡಸರೇ, ಅದನ್ನೂ ಮರೆಯೋ ಹಾಗಿಲ್ಲ.

ಗೆದ್ದು ಏನು ಮಾಡ್ತಾರೆ ಅನ್ನೋದಕ್ಕೆ ರಾಘಬೇಂದ್ರ ಚಟ್ಟೋಪಾಧ್ಯಾಯ, ಎಸ್ತರ್ ಡುಫ್ಲೋ ಅನ್ನೋ ಸಂಶೋಧಕರು 2004ರಲ್ಲಿ ಉತ್ತರ ಕೊಟ್ರು. ಬಂಗಾಳದ ಬೀರ್‌ಭೂಮ್, ರಾಜಸ್ಥಾನದ ಉದಯಪುರ, ಎರಡೂ ಸೇರಿ 265 ಪಂಚಾಯ್ತಿ. ಎರಡೂ ಕಡೆ ಹೆಂಗಸರ ದೊಡ್ಡ ದೂರು ಕುಡಿಯೋ ನೀರಿಂದು, ಅಧ್ಯಕ್ಷರ ಸೀಟು ಹೆಂಗಸರಿಗೆ ಮೀಸಲಾದ ಪಂಚಾಯ್ತೀಲಿ ನೀರಿನ ಕೆಲಸಾನೇ ಜಾಸ್ತಿ ಆಗಿತ್ತು.

ನಂಗೆ ಇದು ಓದಿ ಆಶ್ಚರ್ಯ ಆಗ್ಲಿಲ್ಲ. ನಮ್ಮಲ್ಲಿ ಬೆಳಗ್ಗೆ ಐದಕ್ಕೆ ನೀರು ಬರುತ್ತೆ, ನೀಲಿ ಡ್ರಮ್ಮು, ಪೈಪು ಹಿಡ್ಕೊಂಡು ನಿಲ್ಲೋದು ಹೆಂಗಸರೇ, ಒಂದಿನಾನೂ ಯಾವ ಗಂಡಸೂ ನಿಂತಿದ್ದು ನೋಡಿಲ್ಲ. ಪಕ್ಕದ್ಮನೆ ಕಲಬುರಗಿ ಅಕ್ಕ ಪ್ರೆಷರ್ ಕಮ್ಮಿ ಆದ್ರೆ ಸೀದಾ ನಗರಸೇವಕಿ (ನಮ್ಮ ವಾರ್ಡಿಂದ ಗೆದ್ದ ಕಾರ್ಪೊರೇಟರ್) ಮನೆಗೇ ಹೋಗ್ತಾರೆ, ಮುರುಕು ಮರಾಠೀಲೇ ಮಾತಾಡಿ ಬರ್ತಾರೆ. ಮೊದಲಿದ್ದ ಗಂಡಸಿನ ಆಫೀಸಿಗೆ ಯಾಕೆ ಹೋಗ್ತಿರ್ಲಿಲ್ಲ ಅಂತ ಕೇಳ್ದೆ. "ಅಲ್ಲಿ ಬರೇ ಗಂಡಸರೇ ಕುಂತಿರ್ತಿದ್ರವ್ವಾ, ಹೊಸ್ತಿಲು ದಾಟಾಕ ಮನಸ್ಸ ಆಗ್ತಿರಲಿಲ್ಲ" ಅಂದ್ರು.