ಬಾಂಬಿಗೂ ಗೋಡೆಗೂ ನಡುವಿನ ಅಂತರ

1983ರಲ್ಲಿ ಬೈರೂತ್‌ನ ಅಮೆರಿಕ ರಾಯಭಾರ ಕಚೇರಿಗೂ, ಅದೇ ವರ್ಷದ ಅಕ್ಟೋಬರಿನಲ್ಲಿ ಅಲ್ಲಿನ ಸೇನಾ ವಸತಿಗೂ ಸ್ಫೋಟಕ ತುಂಬಿದ ವಾಹನಗಳು ನುಗ್ಗಿದವು. ಎರಡನೆಯ ದಾಳಿಯೊಂದರಲ್ಲೇ ಅಮೆರಿಕದ 241 ಯೋಧರು ಸತ್ತರು. ಸ್ಫೋಟದ ಒತ್ತಡವು ದೂರ ಹೆಚ್ಚಿದಂತೆ ಬಹುಬೇಗ ಕುಗ್ಗುವುದರಿಂದ, ಗೋಡೆಯನ್ನು ದಪ್ಪಗೊಳಿಸುವುದಕ್ಕಿಂತ ವಾಹನವನ್ನು ದೂರದಲ್ಲೇ ತಡೆಯುವುದು ಮೇಲು ಎಂಬ ವಿಚಾರ ಆಗ ಬೇರೂರಿತು. ರಾಯಭಾರ ಕಚೇರಿಗಳ ಭದ್ರತೆ ಕುರಿತ 1985ರ ಇನ್‌ಮನ್ ವರದಿಯ ಬಳಿಕ ಅಮೆರಿಕದ ಹೊಸ ರಾಯಭಾರ ಕಚೇರಿಗಳಿಗೆ ರಸ್ತೆಯಿಂದ 100 ಅಡಿ ಅಂತರ ನಿಯಮವಾಯಿತು. ನಗರದ ನಡುವೆ ಅಷ್ಟು ಜಾಗ ಸಿಗದೆ ಹಲವು ಕಚೇರಿಗಳು ಊರಾಚೆಗೆ ಹೋದವು. ಜನರೊಡನೆ ಬೆರೆಯಲೆಂದೇ ಇರುವ ಕಚೇರಿ ಹೀಗೆ ಜನರಿಂದ ದೂರವಾದದ್ದು ಸಣ್ಣ ನಷ್ಟವೇನಲ್ಲ.

ಅಂತರವಿಲ್ಲದಿದ್ದರೆ ಏನಾಗುತ್ತದೆಂಬುದನ್ನು 1995ರ ಏಪ್ರಿಲ್ 19ರಂದು ಓಕ್ಲಹೋಮ ಸಿಟಿ ಕಂಡಿತು. ಅಮೆರಿಕ ಸರ್ಕಾರದ ಕಚೇರಿಗಳಿದ್ದ ಮರ್ರಾ ಕಟ್ಟಡದ ಎದುರು, ಪಾದಚಾರಿ ಮಾರ್ಗದ ಪಕ್ಕದಲ್ಲೇ ನಿಂತಿದ್ದ ಟ್ರಕ್ ಸ್ಫೋಟಿಸಿ 168 ಜನ ಸತ್ತರು. ಕೆಳಗಿನ ಕಂಬಗಳ ನಡುವೆ ಹೆಚ್ಚು ಜಾಗ ಬಿಡಲೆಂದು, ಮೇಲಿನ ಕಂಬಗಳ ಭಾರವನ್ನೆಲ್ಲ ಮೂರನೆಯ ಮಹಡಿಯ ಮಟ್ಟದಲ್ಲಿದ್ದ ಒಂದು ದೊಡ್ಡ ತೊಲೆಯ ಮೇಲೆ ಹೊರಿಸಲಾಗಿತ್ತು. ಮುಂಭಾಗದ ಮೂರು ಕಂಬಗಳು ಹೋದೊಡನೆ ಆ ತೊಲೆಯೂ ಹೋಯಿತು, ಅದರೊಂದಿಗೆ ಒಂಬತ್ತು ಮಹಡಿಗಳ ಅರ್ಧದಷ್ಟು ಭಾಗ ಕುಸಿಯಿತು. ಸತ್ತವರಲ್ಲಿ ಬಹುತೇಕರನ್ನು ಕೊಂದದ್ದು ಸ್ಫೋಟವಲ್ಲ, ಈ ಕುಸಿತ. ಒಂದು ಕಂಬ ಹೋದರೂ ಉಳಿದ ಕಟ್ಟಡ ನಿಲ್ಲಬೇಕೆಂಬ ಪಾಠವನ್ನು ಬ್ರಿಟನ್ 1968ರಲ್ಲೇ, ಲಂಡನ್ನಿನ ರೋನನ್ ಪಾಯಿಂಟ್ ವಸತಿ ಗೋಪುರದ ಅನಿಲ ಸ್ಫೋಟದಿಂದ ಕಲಿತಿತ್ತು.

2016ರ ಜುಲೈ 14ರಂದು ಫ್ರಾನ್ಸಿನ ನೀಸ್ ನಗರದಲ್ಲಿ ಬಾಂಬೇ ಇಲ್ಲದ ಟ್ರಕ್ ಜನಸಂದಣಿಯ ಮೇಲೆ ಹರಿದು 86 ಜನ ಸತ್ತಾಗ ಪ್ರಶ್ನೆಯೇ ಬದಲಾಯಿತು. ಈಗ ಗುರಿ ಕಟ್ಟಡವಲ್ಲ, ಬೀದಿ. ಬೀದಿಯನ್ನು 100 ಅಡಿ ಹಿಂದಕ್ಕೆ ಸರಿಸಲಾಗದು. ಅವಸರದಲ್ಲಿ ತಂದಿಟ್ಟ ಕಾಂಕ್ರೀಟ್ ದಿಮ್ಮಿಗಳು ನಗರಗಳಿಗೆ ಯುದ್ಧಭೂಮಿಯ ಕಳೆ ತಂದವು. ಆದರೆ ಮರೆಮಾಚಿದ ತಡೆಗಳ ಮಾದರಿ ಆಗಲೇ ಇತ್ತು: ವಾಷಿಂಗ್ಟನ್ ಸ್ಮಾರಕದ ಸುತ್ತ 2005ರ ಹೊತ್ತಿಗೆ ಕಟ್ಟಿದ, ಕೂರಲೂ ಆಗುವ ಬಾಗಿದ ಗ್ರಾನೈಟ್ ಗೋಡೆ, ಲಂಡನ್ನಿನ ಎಮಿರೇಟ್ಸ್ ಕ್ರೀಡಾಂಗಣದ ಮುಂದೆ ಅಲ್ಲಿನ ಆರ್ಸೆನಲ್ ಫುಟ್‌ಬಾಲ್ ತಂಡದ ಹೆಸರನ್ನೇ ಬರೆದು ನಿಂತಿರುವ ಕಾಂಕ್ರೀಟ್ ಅಕ್ಷರಗಳು.

ವಾಹನ ತಡೆಯುವ ಗಿಡ್ಡ ಕಂಬಗಳ ನಡುವೆ ಬ್ರಿಟನ್ನಿನಲ್ಲಿ ಬಿಡುವ ಗರಿಷ್ಠ ಜಾಗ 1.2 ಮೀಟರ್, ಗಾಲಿಕುರ್ಚಿ ಹೋಗುತ್ತದೆ, ಕಾರು ಹೋಗುವುದಿಲ್ಲ. ಬೆನ್ನಿಗೆ ಬಾಂಬಿನ ಚೀಲ ಹೊತ್ತು ನಡೆದು ಬರುವವನಿಗಂತೂ ಅದು ಧಾರಾಳ. 2017ರಲ್ಲಿ ಮ್ಯಾಂಚೆಸ್ಟರ್ ಅರೀನಾದಲ್ಲಿ ಅಂಥವನೊಬ್ಬನಿಂದ 22 ಜನ ಸತ್ತರು. ಅದರ ಫಲವಾಗಿ 2025ರಲ್ಲಿ ಬಂದ ಬ್ರಿಟಿಷ್ ಕಾಯ್ದೆ, 200ರಿಂದ 799 ಜನ ಸೇರುವ ಸ್ಥಳಗಳಿಂದ ಕಟ್ಟಡದ ಮಾರ್ಪಾಡನ್ನು ಕೇಳುವುದಿಲ್ಲ. ಜನರನ್ನು ಹೊರಗೆ ಕಳಿಸುವ, ಒಳಗೇ ಸುರಕ್ಷಿತವಾಗಿ ಇರಿಸುವ, ಬಾಗಿಲು ಭದ್ರಪಡಿಸುವ ಕ್ರಮಗಳನ್ನು ಮೊದಲೇ ಗೊತ್ತುಮಾಡಿಕೊಂಡಿರಬೇಕು ಎನ್ನುತ್ತದೆ.